ಕಾಯಕದಲ್ಲಿ ತನ್ಮಯರಾದವರು: ಶ್ರೀ ಫ. ಗು. ಹಳಕಟ್ಟಿ

ಪೂಜೆಗೆ ಕುಳಿತವನ ಅಂಗೈಯಲ್ಲಿ ಇಷ್ಟಲಿಂಗವಿರುವುದು. ಮನಸ್ಸು ಮಾತ್ರ ಸಂತೆಗೆ ಹೋಗಿ ತೊಗರಿಯ ಧಾರಣೆಯನ್ನು ಕೇಳುತ್ತಿರುವುದು. ಇದು ಸಂಸಾರಿಗಳಾದ ನಮ್ಮೆಲ್ಲರ ನಿತ್ಯಾನುಭವ. ಮನಸ್ಸನ್ನು ಹಿಡಿದು ನಿಲ್ಲಿಸುವೆನೆಂದು ಹೆಣಗಿದಷ್ಟೂ ಅದು ಹೊರಗೆ ಹರಿಯುವುದು. ಆದರೆ ಅದೇ ಮನುಷ್ಯನು ಮರುದಿನ ಹೊಲದಲ್ಲಿ ಕೂರಿಗೆ ಹಿಡಿದು, ಸಾಲು ಡೊಂಕಾಗದಂತೆ, ಬೀಜ ಹೆಚ್ಚು ಕಡಿಮೆ ಬೀಳದಂತೆ ಬಿತ್ತುತ್ತಿರುವಾಗ ಮನಸ್ಸು ತಾನಾಗಿಯೇ ನಿಂತಿರುವುದು. ಹೊತ್ತು ಏರಿದ್ದು ಅವನಿಗೆ ತಿಳಿಯದು, ಹಸಿವು ನೆನಪಾಗದು, ನಾನು ಬಿತ್ತುತ್ತಿರುವೆನೆಂಬ ಎಣಿಕೆಯೂ ಇರದು. ಮನಸ್ಸನ್ನು ನಿಲ್ಲಿಸಿದವರಾರು? ಕೆಲಸವೇ ನಿಲ್ಲಿಸಿತು.

ಈ ಮರ್ಮವನ್ನು ಹನ್ನೆರಡನೆಯ ಶತಮಾನದ ಶರಣರು ಚೆನ್ನಾಗಿ ಬಲ್ಲವರಾಗಿದ್ದರು. ಆಯ್ದಕ್ಕಿ ಮಾರಯ್ಯನವರು ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬಾಳಿದವರು. ಕಾಯಕದಲ್ಲಿ ಮನಸ್ಸು ಪೂರ್ಣವಾಗಿ ನೆಟ್ಟಿರುವಾಗ ಗುರುದರ್ಶನವೂ ಲಿಂಗಪೂಜೆಯೂ ಮರೆತುಹೋದರೆ ಅದು ದೋಷವಲ್ಲವೆಂಬುದು ಅವರ ಬೋಧೆಯ ತಿರುಳು. ಇದನ್ನು ಪೂಜೆಯ ಅಲಕ್ಷ್ಯವೆಂದು ತಿಳಿಯಬಾರದು. ಆ ಮರವೆಯಲ್ಲಿ ನಾನೆಂಬುದೂ ಮರೆತುಹೋಗಿರುವುದರಿಂದ ಅದುವೇ ಪೂಜೆಯೆಂಬುದು ಅವರ ಅಭಿಪ್ರಾಯ.

ನಮ್ಮ ಸೀಮೆಗೆ ಈ ಮಾತು ಹೊಸದಲ್ಲ. ಆಳಂದದಲ್ಲಿ ಹುಟ್ಟಿದ ರಾಮಯ್ಯನವರು ಶಿವನನ್ನು ಏಕಾಂತದಲ್ಲಿ, ಅನ್ಯವನ್ನು ನೆನೆಯದೆ ಪೂಜಿಸುತ್ತಿದ್ದುದರಿಂದಲೇ ಏಕಾಂತದ ರಾಮಯ್ಯನೆಂಬ ಹೆಸರನ್ನು ಪಡೆದರೆಂದು ಅಬ್ಬಲೂರಿನ ಶಾಸನವು ಸಾರುತ್ತಿದೆ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಜನಿಸಿದ ಶರಣಬಸವೇಶ್ವರರು ಒಕ್ಕಲುತನವನ್ನೇ ದಾಸೋಹವನ್ನಾಗಿ ಮಾಡಿಕೊಂಡು, ಮುಂದೆ ಕಲಬುರಗಿಯಲ್ಲಿ ನೆಲೆಸಿ 1822ರಲ್ಲಿ ಲಿಂಗೈಕ್ಯರಾದರು. ಇವರೆಲ್ಲ ಮಹಾಪುರುಷರು, ನಮ್ಮಂಥವರಿಗೆ ಅವರ ದಾರಿ ನಿಲುಕದೆಂದು ಕೆಲವರು ಅನ್ನುವುದುಂಟು. ಅಂಥವರು ಅಫಜಲಪುರದ ಬಳಿ ಭೀಮಾನದಿಯನ್ನು ದಾಟಿ ವಿಜಯಪುರಕ್ಕೆ ಹೋಗಬೇಕು. ಅಲ್ಲಿ ನಮ್ಮ ಹಿರಿಯರ ಕಾಲದಲ್ಲಿಯೇ, ಕೋಟು ತೊಟ್ಟು ಕೋರ್ಟಿಗೆ ಹೋಗುತ್ತಿದ್ದ ಒಬ್ಬ ಗೃಹಸ್ಥರು ಕಾಯಕತನ್ಮಯತೆಯೆಂದರೇನೆಂಬುದನ್ನು ತಮ್ಮ ಬಾಳಿನಿಂದ ತೋರಿಸಿಕೊಟ್ಟರು. ಅವರೇ ವಚನಪಿತಾಮಹರೆಂದು ನಾಡು ಕರೆಯುವ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಹಳಕಟ್ಟಿಯವರು 1880ನೆಯ ಇಸವಿಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರವಣಿಗೆಯ ಹವ್ಯಾಸವಿದ್ದವರು. ಧಾರವಾಡದಲ್ಲಿ ಮೊದಲ ವ್ಯಾಸಂಗವನ್ನು ಮುಗಿಸಿ, ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಓದಿ, 1904ರಲ್ಲಿ ಕಾಯದೆಯ ಪದವಿಯನ್ನು ಪಡೆದರು. ಮರಾಠಿಗರೂ ಗುಜರಾತಿಗಳೂ ತಮ್ಮ ನುಡಿಗಾಗಿ ಪಡುತ್ತಿದ್ದ ಶ್ರಮವನ್ನು ಮುಂಬಯಿಯಲ್ಲಿ ಕಣ್ಣಾರೆ ಕಂಡರು. ಕನ್ನಡವು ಹೀಗೆ ಹಿಂದುಳಿದುದೇಕೆಂಬ ಚಿಂತೆ ಅಲ್ಲಿಯೇ ಅವರ ಮನಸ್ಸಿನಲ್ಲಿ ಮೊಳೆಯಿತು. ಬೆಳಗಾವಿಯಲ್ಲಿ ಕೆಲಕಾಲ ವಕೀಲಿಯನ್ನು ನಡೆಸಿ, ಬಳಿಕ ಅಂದು ವಿಜಾಪುರವೆನಿಸಿದ್ದ ವಿಜಯಪುರಕ್ಕೆ ಬಂದು ನೆಲೆಸಿದರು. ಬುದ್ಧಿ ಹರಿತವಾಗಿತ್ತು, ಕಕ್ಷಿದಾರರ ನಂಬಿಕೆ ದೊರೆತಿತ್ತು, ಮುಂದೆ ಸರಕಾರಿ ವಕೀಲರೂ ಆದರು. ಲೌಕಿಕದ ಕಣ್ಣಿನಿಂದ ನೋಡಿದರೆ ಸುಖವಾಗಿ ಬಾಳಲು ಬೇಕಾದುದೆಲ್ಲವೂ ಅವರಿಗೆ ಒದಗಿತ್ತು.

ಇಂಥವರ ಕೈಗೆ ಒಂದು ಸಲ ರಬಕವಿಯ ಮಂಚಾಲೆಯವರ ಮನೆಯಲ್ಲಿದ್ದ ಓಲೆಗರಿಯ ಕಟ್ಟುಗಳು ಬಂದವು. ಅವುಗಳಲ್ಲಿ ಪ್ರಭುದೇವರ ವಚನಗಳೂ ಷಟ್‌ಸ್ಥಲತಿಲಕವೂ ಇದ್ದವು. ಆ ಕಾಲದಲ್ಲಿ ವಚನಗಳೆಂದರೆ ಜನರ ಬಾಯಲ್ಲಿ ಅಲ್ಲಲ್ಲಿ ಉಳಿದಿದ್ದ ಕೆಲವು ನುಡಿಗಳಷ್ಟೇ. ಮಿಕ್ಕವೆಲ್ಲ ಮಠಗಳ ಅಟ್ಟದ ಮೇಲೆ, ಭಕ್ತರ ಮನೆಯ ದೇವರ ಜಗುಲಿಯ ಮೇಲೆ, ಬಟ್ಟೆಯಲ್ಲಿ ಸುತ್ತಿದ ಗಂಟುಗಳಾಗಿ ಕುಳಿತಿದ್ದವು. ಅವುಗಳಿಗೆ ವಿಭೂತಿ ಪತ್ರೆಗಳು ಸಲ್ಲುತ್ತಿದ್ದವು. ಬಿಚ್ಚಿ ಓದುವವರು ಮಾತ್ರ ವಿರಳರಾಗಿದ್ದರು. ಹುಳು ಕೊರೆದು, ಅಂಚು ಮುರಿದು, ವರುಷದಿಂದ ವರುಷಕ್ಕೆ ಅವು ನಾಶವಾಗುತ್ತಿದ್ದವು. ಇದನ್ನು ಕಂಡ ಹಳಕಟ್ಟಿಯವರಿಗೆ ತಮ್ಮ ಕಾಯಕವಾವುದೆಂಬುದು ತಿಳಿಯಿತು. ಅಂದಿನಿಂದ ಕೋರ್ಟಿನ ಕೆಲಸ ಹೊಟ್ಟೆಪಾಡಾಯಿತು, ವಚನಶೋಧನೆ ಪ್ರಾಣವಾಯಿತು.

ಈ ಕೆಲಸವು ಎಷ್ಟು ಕಠಿನವಾದುದೆಂಬುದನ್ನು ಇಂದು ಅಚ್ಚಾದ ಪುಸ್ತಕವನ್ನು ಓದುವ ನಾವು ಊಹಿಸಲಾರೆವು. ಓಲೆಗರಿಯಲ್ಲಿ ಅಕ್ಷರಗಳನ್ನು ಕಬ್ಬಿಣದ ಕಂಠದಿಂದ ಕೊರೆದಿರುತ್ತಾರೆ. ಮಸಿಯನ್ನು ಸವರಿದ ಹೊರತು ಅವು ಕಣ್ಣಿಗೆ ಕಾಣವು. ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ. ಸಾಲು ಆರಂಭದಿಂದ ಕೊನೆಯವರೆಗೆ ಒಂದೇ ಹೆಣಿಗೆ. ಎಕಾರ ಒಕಾರಗಳಲ್ಲಿ ಹ್ರಸ್ವವಾವುದು ದೀರ್ಘವಾವುದೆಂಬುದನ್ನು ಹಳೆಯ ಬರವಣಿಗೆ ತೋರಿಸುವುದಿಲ್ಲ. ಅರ್ಥವನ್ನು ಹಿಡಿದೇ ತಿಳಿಯಬೇಕು. ದಾರ ಹರಿದ ಕಟ್ಟಿನಲ್ಲಿ ಗರಿಗಳು ಹಿಂದುಮುಂದಾಗಿರುತ್ತವೆ. ಒಂದೇ ವಚನವು ಒಂದು ಪ್ರತಿಯಲ್ಲಿ ಒಂದು ಬಗೆಯಾಗಿ, ಇನ್ನೊಂದರಲ್ಲಿ ಬೇರೊಂದು ಬಗೆಯಾಗಿ ಇರುವುದು. ಯಾವುದು ಶರಣರ ಮಾತು, ಯಾವುದು ಲಿಪಿಕಾರನ ಕೈತಪ್ಪು? ಕೂಡಲಸಂಗಮದೇವನೆಂಬ ಅಂಕಿತ ಬಂದರೆ ಬಸವಣ್ಣನವರದೆಂದು, ಗುಹೇಶ್ವರನೆಂದು ಬಂದರೆ ಅಲ್ಲಮಪ್ರಭುಗಳದೆಂದು ಗುರುತಿಸಬಹುದು. ಆದರೆ ಅಷ್ಟಾಗಿ ಹೆಸರು ತಿಳಿಯದ ನೂರಾರು ಶರಣ ಶರಣೆಯರ ಅಂಕಿತಗಳನ್ನು ಒಂದೊಂದಾಗಿ ಬಿಡಿಸಿ, ಇದು ಇಂಥವರದು, ಅವರ ಕಾಯಕವು ಇಂಥದು ಎಂದು ಗೊತ್ತು ಮಾಡುವುದು ಕಾಳಿನ ರಾಶಿಯಲ್ಲಿ ಬೀಜವನ್ನು ಆರಿಸಿದಂತೆ.

ಇಲ್ಲಿಯೇ ಒಂದು ವಿಚಾರವನ್ನು ಗಮನಿಸಬೇಕಾಗಿದೆ. ಇಷ್ಟು ಕಠಿನವಾದ ಕೆಲಸವು ಮನುಷ್ಯನನ್ನು ಬಳಲಿಸಬೇಕಲ್ಲವೇ? ಹಳಕಟ್ಟಿಯವರನ್ನು ಅದು ಐವತ್ತು ವರ್ಷಗಳಿಗೂ ಮಿಕ್ಕಿ ನಡೆಸಿಕೊಂಡು ಹೋಯಿತು. ಇದಕ್ಕೆ ಕಾರಣವೇನೆಂಬುದನ್ನು ನಮ್ಮ ಕಾಲದ ಮನಶ್ಶಾಸ್ತ್ರವೂ ಹುಡುಕಿದೆ. ಹಂಗೇರಿಯ ಮೂಲದವರಾಗಿ ಅಮೇರಿಕೆಯ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ವಿದ್ವಾಂಸರು ಚದುರಂಗದಾಟಗಾರರು, ಬಂಡೆ ಹತ್ತುವವರು, ಶಸ್ತ್ರವೈದ್ಯರು, ನರ್ತಕರು ಮೊದಲಾದವರನ್ನು ಕಂಡು, ಕೆಲಸದಲ್ಲಿ ಮೈಮರೆತಾಗ ಅವರಿಗಾಗುವ ಅನುಭವವನ್ನು ಕೇಳಿ ತಿಳಿದರು. ತಾವು ಕಂಡುದನ್ನು 1975ರಲ್ಲಿಯೂ ಮತ್ತೆ 1990ರಲ್ಲಿಯೂ ಗ್ರಂಥರೂಪವಾಗಿ ಪ್ರಕಟಿಸಿದರು. ಆ ಸ್ಥಿತಿಗೆ ಅವರು ಪ್ರವಾಹವೆಂಬ ಅರ್ಥದ ಹೆಸರಿಟ್ಟರು. ಹೊಳೆಯ ಸೆಳವಿನಲ್ಲಿ ಸಾಗಿದಂತಾಗುವುದೆಂದು ಹಲವರು ಅವರಿಗೆ ಹೇಳಿದ್ದರು. ಅವರು 2021ರಲ್ಲಿ ತೀರಿಕೊಂಡರು.

ಅವರ ವಿಚಾರದ ಸಾರವಿಷ್ಟು. ಕೆಲಸವು ನಮ್ಮ ಶಕ್ತಿಗಿಂತ ಬಹಳ ಕೆಳಗಿದ್ದರೆ ಬೇಸರ ಹುಟ್ಟುವುದು; ಬಹಳ ಮೇಲಿದ್ದರೆ ಅಂಜಿಕೆ ಹುಟ್ಟುವುದು. ಇದ್ದ ಶಕ್ತಿಯನ್ನೆಲ್ಲ ಬೇಡುವಂತೆ, ಒಂದು ಗೇಣು ಮಾತ್ರ ಮೇಲಿದ್ದರೆ ಮನಸ್ಸು ಅದರಲ್ಲಿ ಪೂರ್ಣವಾಗಿ ಇಳಿಯುವುದು. ಮುಂದೆ ಮಾಡಬೇಕಾದುದು ಸ್ಪಷ್ಟವಾಗಿರಬೇಕು. ಮಾಡಿದ್ದು ಸರಿಯೋ ತಪ್ಪೋ ಎಂಬುದು ಒಡನೆಯೇ ತಿಳಿಯುತ್ತಿರಬೇಕು. ಆಗ ಹೊತ್ತಿನ ಪರಿವೆ ಅಳಿಯುವುದು, ನಾನೆಂಬ ಎಚ್ಚರವು ಅಡಗುವುದು, ಫಲವನ್ನು ನೆನೆಯದೆ ಕೆಲಸವೇ ಸಂತೋಷವಾಗುವುದು.

ಈ ಲಕ್ಷಣಗಳನ್ನು ಓಲೆಗರಿಯ ಮುಂದೆ ಕುಳಿತವರಿಗೆ ಅನ್ವಯಿಸಿ ನೋಡಿರಿ. ಗರಿಯ ಮೇಲಿನ ಸಾಲು ಸುಲಭವಾದುದಲ್ಲ. ಆದರೆ ಅಸಾಧ್ಯವೂ ಅಲ್ಲ. ಪದವನ್ನು ತಪ್ಪಾಗಿ ಬಿಡಿಸಿದರೆ ಅರ್ಥ ಕೂಡದೆ ಆ ಕ್ಷಣದಲ್ಲಿಯೇ ತಡೆಯುವುದು. ಸರಿಯಾಗಿ ಬಿಡಿಸಿದರೆ ಇಡಿಯ ವಚನವು ದೀಪ ಹಚ್ಚಿದಂತೆ ಬೆಳಗುವುದು. ಒಂದು ಕಟ್ಟು ಮುಗಿಯುವಷ್ಟರಲ್ಲಿ ಕಣ್ಣು ಪಳಗಿರುವುದು. ಮುಂದಿನ ಕಟ್ಟು ಅದಕ್ಕಿಂತ ಜಟಿಲವಾಗಿರುವುದು. ಹೀಗೆ ಕೆಲಸವೂ ಶಕ್ತಿಯೂ ಒಂದನ್ನೊಂದು ಏರಿಸುತ್ತ ಹೋದವು. ವಿಜ್ಞಾನವನ್ನೂ ಕಾಯದೆಯನ್ನೂ ಓದಿದವರು ಹಳಗನ್ನಡದ ವಿದ್ವಾಂಸರಾದುದು ಹೀಗೆಯೇ. ಅದುವರೆಗೆ ಐವತ್ತರಷ್ಟು ವಚನಕಾರರ ಹೆಸರು ತಿಳಿದಿದ್ದಲ್ಲಿ, ಅವರ ಶೋಧದಿಂದ ಇನ್ನೂರಕ್ಕೂ ಹೆಚ್ಚು ಮಂದಿ ಬೆಳಕಿಗೆ ಬಂದರು.

ತನ್ಮಯತೆಯ ನಿಜವಾದ ಪರೀಕ್ಷೆ ಅಡ್ಡಿ ಬಂದಾಗ ಆಗುವುದು. ಹಲವು ವರ್ಷಗಳ ದುಡಿಮೆಯಿಂದ ವಚನಶಾಸ್ತ್ರಸಾರದ ಹಸ್ತಪ್ರತಿ ಸಿದ್ಧವಾಯಿತು. ಅದನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರು. ಅಲ್ಲಿಯವರು ಅಚ್ಚು ಹಾಕಲೊಪ್ಪದೆ ಅದನ್ನು ಹಿಂದಿರುಗಿಸಿದರು. ಸಾಮಾನ್ಯರಾಗಿದ್ದರೆ ಕೈಚೆಲ್ಲಿ ಕುಳಿತುಬಿಡುತ್ತಿದ್ದರು. ಹಳಕಟ್ಟಿಯವರು ಬೆಳಗಾವಿಯ ಮಹಾವೀರ ಮುದ್ರಣಾಲಯವನ್ನು ಹಿಡಿದು 1923ರಲ್ಲಿ ಗ್ರಂಥವನ್ನು ಹೊರತಂದರು. ಕನ್ನಡ ನಾಡು ತನ್ನ ಮನೆಯಲ್ಲಿಯೇ ಹೂಳಿದ್ದ ಹೊನ್ನನ್ನು ಆಗ ಕಣ್ದೆರೆದು ನೋಡಿತು.

ಪರರ ಮುದ್ರಣಾಲಯವನ್ನು ನಂಬಿ ಈ ಕೆಲಸ ಸಾಗದೆಂದು ತಿಳಿದು, 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ತಮ್ಮ ಸ್ವಂತ ಮನೆಯನ್ನು ಮಾರಿದರು. ಆಮೇಲೆ ಬಾಡಿಗೆಯ ಮನೆಯಲ್ಲಿ ಬಾಳಿದರು. 1926ರಲ್ಲಿ ಶಿವಾನುಭವವೆಂಬ ಪತ್ರಿಕೆಯನ್ನೂ 1927ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯನ್ನೂ ಆರಂಭಿಸಿದರು. ಶಿವಾನುಭವವು ಮೂರು ದಶಕಗಳಿಗೂ ಮಿಕ್ಕಿ ನಡೆಯಿತು. ಬರೆಯುವುದು, ಪ್ರತಿಗಳನ್ನು ಹೋಲಿಸುವುದು, ಪ್ರೂಫು ತಿದ್ದುವುದು, ಅಚ್ಚು ಹಾಕಿಸುವುದು, ಚಂದಾದಾರರಿಗೆ ಕಳುಹಿಸುವುದು, ಇವೆಲ್ಲಕ್ಕೂ ಅವರ ಕಣ್ಣೇ ಬೇಕಾಗಿತ್ತು. ಹರಿಹರನ ರಗಳೆಗಳನ್ನು ಪ್ರಕಟಿಸಿದರು. 1930ರಲ್ಲಿ ಶೂನ್ಯಸಂಪಾದನೆಯನ್ನು ಹೊರತಂದರು. ಚಂದಾದ ಹಣ ಬರಲಿ ಬಾರದಿರಲಿ, ಮುಂದಿನ ಸಂಚಿಕೆಯ ಕೆಲಸ ನಿಲ್ಲುತ್ತಿರಲಿಲ್ಲ.

ಇಷ್ಟರಿಂದ ಅವರು ಲೋಕವನ್ನು ಮರೆತ ಗ್ರಂಥಕೀಟರಾಗಿದ್ದರೆಂದು ಬಗೆಯಬಾರದು. 1910ರಲ್ಲಿ ವಿಜಯಪುರದಲ್ಲಿ ಬಿ. ಎಲ್. ಡಿ. ಇ. ವಿದ್ಯಾಸಂಸ್ಥೆಯನ್ನು ಕಟ್ಟಿದವರು ಅವರೇ. ಅಲ್ಲಿಂದ ಲೆಕ್ಕವಿಲ್ಲದಷ್ಟು ಬಡಮಕ್ಕಳಿಗೆ ವಿದ್ಯೆ ದೊರೆಯಿತು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದವರಲ್ಲಿ ಅವರು ಪ್ರಮುಖರು. ಪುರಸಭೆಯಲ್ಲಿಯೂ ಮುಂಬಯಿಯ ವಿಧಾನ ಪರಿಷತ್ತಿನಲ್ಲಿಯೂ ಜನರ ಕೆಲಸವನ್ನು ಮಾಡಿದರು. ವಿಜಯಪುರದ ಸೀಮೆ ಮುಂಬಯಿ ಪ್ರಾಂತಕ್ಕೂ, ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆ ನಿಜಾಮರ ರಾಜ್ಯಕ್ಕೂ ಸೇರಿದ್ದ ಕಾಲವದು. ಒಂದೇ ನುಡಿಯ ಜನರು ಎರಡಾಗಿ ಬಾಳುತ್ತಿದ್ದುದು ಅವರಿಗೆ ಸಹನೆಯಾಗಲಿಲ್ಲ. ಕರ್ನಾಟಕದ ಏಕೀಕರಣಕ್ಕಾಗಿಯೂ ದುಡಿದರು. ಒಂದು ಕಾಯಕದಲ್ಲಿ ಆಳವಾಗಿ ಇಳಿದವನಿಗೆ ಉಳಿದ ಕೆಲಸಗಳಿಗೂ ಬಲ ಬರುವುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಇನ್ನು ಒಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಮೈಮರೆಯುವುದೆಲ್ಲವೂ ಒಳ್ಳೆಯದಲ್ಲ. ಇಸ್ಪೀಟಿಗೆ ಕುಳಿತವನೂ ಹೊತ್ತನ್ನು ಮರೆಯುವನು. ಅಂಗೈಯಲ್ಲಿ ಮೊಬೈಲು ಹಿಡಿದ ತರುಣನೂ ನಡುರಾತ್ರಿಯಾದುದನ್ನು ತಿಳಿಯನು. ಹಾಗಾದರೆ ಕಾಯಕದ ತನ್ಮಯತೆಗೂ ವ್ಯಸನದ ತನ್ಮಯತೆಗೂ ಅಂತರವೇನು? ಎರಡು ಒರೆಗಲ್ಲುಗಳಿವೆ. ಕೆಲಸ ಮುಗಿಸಿ ಎದ್ದಾಗ ನಮ್ಮ ಶಕ್ತಿ ಹೆಚ್ಚಿರುವುದೋ ಕುಂದಿರುವುದೋ ಎಂಬುದು ಒಂದು. ಅದರ ಫಲವು ಅನ್ಯರಿಗೆ ಮುಟ್ಟುವುದೋ ನಮ್ಮಲ್ಲಿಯೇ ಕೊಳೆಯುವುದೋ ಎಂಬುದು ಇನ್ನೊಂದು. ಶರಣರು ಕಾಯಕವನ್ನು ಹೇಳಿದ ಬಾಯಲ್ಲಿಯೇ ದಾಸೋಹವನ್ನು ಹೇಳಿದುದು ಈ ಕಾರಣದಿಂದ. ಮನಶ್ಶಾಸ್ತ್ರಜ್ಞರ ಪ್ರವಾಹವು ಮನಸ್ಸು ಹೇಗೆ ನೆಲೆಗೊಳ್ಳುವುದೆಂಬುದನ್ನು ಹೇಳುವುದು. ನೆಲೆಗೊಂಡ ಮನಸ್ಸು ಯಾರಿಗಾಗಿ ದುಡಿಯಬೇಕೆಂಬುದನ್ನು ದಾಸೋಹವು ಹೇಳುವುದು. ಮಾರಯ್ಯನವರು ಒಂದು ದಿನ ಹೆಚ್ಚಿಗೆ ಅಕ್ಕಿಯನ್ನು ತಂದಾಗ, ಈ ಆಸೆ ನಮಗೇಕೆಂದು ಅದನ್ನು ಮರಳಿ ಚೆಲ್ಲಿ ಬರಲು ಕಳುಹಿಸಿದವರು ಅವರ ಪತ್ನಿ ಲಕ್ಕಮ್ಮನವರು. ಆಸೆ ಹೊಕ್ಕರೆ ಕಾಯಕದ ಶುದ್ಧಿ ಕೆಡುವುದೆಂಬುದನ್ನು ಆ ತಾಯಿ ಬಲ್ಲವರಾಗಿದ್ದರು.

ಹಳಕಟ್ಟಿಯವರ ಬಾಳು ಈ ಎರಡು ಒರೆಗಲ್ಲುಗಳಿಗೂ ನಿಲ್ಲುವುದು. ಆದರೂ ಅದರ ಬೆಲೆಯನ್ನು ಮರೆಯುವುದು ನ್ಯಾಯವಲ್ಲ. ಮನೆ ಮಾರಿದಾಗ ಮಾರಾಟವಾದುದು ಒಬ್ಬರ ಸೂರು ಮಾತ್ರವಲ್ಲ, ಮನೆಮಂದಿಯೆಲ್ಲರ ಸೂರು. ವಕೀಲಿಯ ಗಳಿಕೆ ಅಚ್ಚಿನ ಮೊಳೆಗಳಿಗೂ ಕಾಗದಕ್ಕೂ ಸಂದಾಗ ಆ ಮಿತವ್ಯಯದ ಭಾರವನ್ನು ಪತ್ನಿ ಭಾಗೀರಥಿಬಾಯಿಯವರೂ ಮಕ್ಕಳೂ ಹೊತ್ತರು. ನಮ್ಮ ಕೈಯಲ್ಲಿರುವ ವಚನಗ್ರಂಥಗಳ ಹಿಂದೆ ಅವರ ತ್ಯಾಗವೂ ಇದೆ. ಆದುದರಿಂದ ಇದನ್ನೋದಿದ ಗೃಹಸ್ಥನು ಮನೆ ಮಾರುವುದೇ ವ್ರತವೆಂದು ತಿಳಿಯಬೇಕಾಗಿಲ್ಲ. ತನ್ನ ಕಾಯಕದ ಭಾರ ಯಾರ ಹೆಗಲ ಮೇಲೆ ಬೀಳುತ್ತಿದೆಯೆಂಬುದನ್ನು ಅರಿತು, ಮನೆಯವರನ್ನೂ ಅದರಲ್ಲಿ ಸಹಭಾಗಿಗಳನ್ನಾಗಿ ಮಾಡಿಕೊಳ್ಳಬೇಕು. ಕಾಯಕದಲ್ಲಿ ಮಾರಯ್ಯ ಲಕ್ಕಮ್ಮನವರು ಇಬ್ಬರಾಗಿಯೇ ಇದ್ದರೆಂಬುದು ಮರೆಯತಕ್ಕ ಮಾತಲ್ಲ.

ಗೌರವಗಳು ತಾವಾಗಿ ಅವರನ್ನು ಹುಡುಕಿಕೊಂಡು ಬಂದವು. 1926ರಲ್ಲಿ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಸರಕಾರವು ರಾವ್ ಸಾಹೇಬ, ರಾವ್ ಬಹಾದ್ದೂರ ಬಿರುದುಗಳನ್ನು ಕೊಟ್ಟಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಅದೇ ವರ್ಷದ ನವೆಂಬರ 1ರಂದು ಭೀಮೆಯ ಎರಡು ದಡಗಳೂ ಒಂದೇ ರಾಜ್ಯಕ್ಕೆ ಸೇರಿದವು. ವಿಜಯಪುರದ ಗೋಲಗುಮ್ಮಟಕ್ಕೆ ಸರಿದೊರೆಯಾಗಿ ಅವರನ್ನು ವಚನಗುಮ್ಮಟವೆಂದು ಜನರು ಕರೆದರು. ಬಿರುದುಗಳು ಬಂದ ದಿನವೂ ಅವರ ಮುಂದೆ ಓಲೆಗರಿ ಇತ್ತು, ಮರುದಿನವೂ ಇತ್ತು. ಕೆಲಸದಲ್ಲಿಯೇ ಸಂತೋಷ ಕಂಡವನನ್ನು ಹೊಗಳಿಕೆ ಏರಿಸದು, ತೆಗಳಿಕೆ ಇಳಿಸದು.

1964ನೆಯ ಇಸವಿಯ ಜೂನ್ 29ರಂದು, ಎಂಬತ್ತನಾಲ್ಕು ತುಂಬಲು ಮೂರು ದಿನಗಳಿರುವಾಗ, ಹಳಕಟ್ಟಿಯವರು ಲಿಂಗೈಕ್ಯರಾದರು. ಅವರು ಹಾಕಿದ ಸಾಲಿನಲ್ಲಿಯೇ ಮುಂದಿನವರು ಬಿತ್ತಿ ಬೆಳೆದರು. 1993ರಲ್ಲಿ ಕರ್ನಾಟಕ ಸರಕಾರವು 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿತು. ಆಳಂದದ ಭಕ್ತರು ತಮ್ಮೂರಿನ ಏಕಾಂತದ ರಾಮಯ್ಯನವರ ವಚನಗಳನ್ನು ಇಂದು ಅಚ್ಚಿನಲ್ಲಿ ಓದಬಲ್ಲರಾದರೆ, ಅದಕ್ಕೆ ಇಂಥ ಶೋಧಕರ ಕಣ್ಣಿನ ಬೆಳಕೇ ಕಾರಣ.

ಈ ಚರಿತ್ರೆಯಿಂದ ಸಂಸಾರಿಗಳಾದ ನಾವು ಪಡೆಯತಕ್ಕುದೇನು? ಎಲ್ಲರೂ ಓಲೆಗರಿಯನ್ನು ಓದಬೇಕಾಗಿಲ್ಲ. ಜೇವರ್ಗಿಯ ಒಕ್ಕಲಿಗನಿಗೆ ಅವನ ಎರೆಹೊಲವೇ ಓಲೆಗರಿ. ಯಾವ ಹದದಲ್ಲಿ ಬಿತ್ತಿದರೆ ಬಿಳಿಜೋಳ ಹುಲುಸಾಗುವುದು, ತೊಗರಿ ಯಾವ ನೆಲದಲ್ಲಿ ಒಣಗುವುದು ಎಂಬುದನ್ನು ಅಕ್ಷರ ಅಕ್ಷರವಾಗಿ ಓದಿದರೆ ಅದೂ ವಚನವೇ. ಅಫಜಲಪುರದ ಶಿಕ್ಷಕನಿಗೆ ತಿಳಿವಳಿಕೆ ನಿಧಾನವಾದ ಹುಡುಗನೇ ಬಿಡಿಸಲಾಗದ ಸಾಲು. ಆಳಂದದ ಗೃಹಿಣಿ ಕಾಗದದಷ್ಟು ತೆಳ್ಳಗೆ, ಹರಿಯದಂತೆ ರೊಟ್ಟಿಯನ್ನು ಬಡಿಯುವಾಗ ಅವಳ ಅಂಗೈಗೆ ಹಿಟ್ಟಿನ ಹದ ಒಡನೆಯೇ ತಿಳಿಯುವುದು. ಅಲ್ಲಿಯೂ ಮನಸ್ಸು ನೆಲೆಗೊಳ್ಳುವುದು. ಮಾಡಿ ಮಾಡಿ ಬೇಸರವಾಗಿದೆಯೆಂದು ಕೆಲಸವನ್ನು ಬಿಡದೆ, ಅದರಲ್ಲಿ ನಿನ್ನೆಗಿಂತ ಒಂದು ಗೇಣು ಮೇಲಿನದನ್ನು ಇಂದು ಎತ್ತಿಕೊಳ್ಳಬೇಕು. ಅಂಜಿಕೆಯಾಗಿದೆಯೆಂದು ಹಿಂದೆಗೆಯದೆ, ಹಳಕಟ್ಟಿಯವರಂತೆ ಒಂದು ಗರಿಯಿಂದ ತೊಡಗಬೇಕು. ಬಂದ ಫಲದಲ್ಲಿ ಒಂದು ಪಾಲನ್ನು ಸಮಾಜಕ್ಕೆ ಸಲ್ಲಿಸಬೇಕು.

ಹಗಲೆಲ್ಲ ಹೀಗೆ ಕಾಯಕದಲ್ಲಿ ಪಳಗಿದ ಮನಸ್ಸು ಸಂಜೆಯ ಪೂಜೆಗೆ ಕುಳಿತಾಗ ಸಂತೆಗೆ ಓಡುವುದಿಲ್ಲ. ನಿಲ್ಲುವ ಅಭ್ಯಾಸ ಅದಕ್ಕೆ ಆಗಿರುವುದು. ಅಂಗೈಯ ಲಿಂಗದಲ್ಲಿಯೂ ಕೈಯ ಕೆಲಸದಲ್ಲಿಯೂ ಒಂದೇ ಮನಸ್ಸು ಒಂದೇ ಬಗೆಯಾಗಿ ನೆಲೆಗೊಳ್ಳುವ ಆ ಸ್ಥಿತಿ ಭಕ್ತರೆಲ್ಲರಿಗೂ ದೊರೆಯಲೆಂದು ಹಾರೈಸಿ, ವಚನಪಿತಾಮಹರ ನೆನಪಿಗೆ ಶರಣೆನ್ನೋಣ.